ಹಳೆಯ ಲಾರಿಗೆ ಓವರ್‌ಡ್ರೈವ್ ಗೇರ್‌ಬಾಕ್ಸ್: ದುಡ್ಡು ಎಣಿಸುವ ಮೊದಲು ಹಲ್ಲು ಎಣಿಸಿ

ಸೋಲಾಪುರದಿಂದ ವಿಜಯಪುರಕ್ಕೆ, ನಿಪ್ಪಾಣಿಯಿಂದ ಬೆಳಗಾವಿಗೆ ಈಗ ನಾಲ್ಕು ಪಥದ ರಸ್ತೆ. ಅದರ ಮೇಲೆ ಓಡುವ ಗಾಡಿಗಳಲ್ಲಿ ಎಷ್ಟೋ ಇನ್ನೂ ಹಳೆಯವು. ಐದು ಗೇರಿನ ಟಾಟಾ 1210, 1612, ಲೇಲ್ಯಾಂಡ್ ಕಾಮೆಟ್‌ನಂಥ ಲಾರಿಗಳು ತಯಾರಾದದ್ದು ಇಕ್ಕಟ್ಟಿನ ರಸ್ತೆಯಲ್ಲಿ, ನಲವತ್ತು ಐವತ್ತರ ವೇಗದಲ್ಲಿ, ತುಂಬು ಭಾರ ಎಳೆಯಲಿಕ್ಕೆ. ಅರವತ್ತು ದಾಟಿದರೆ ಎಂಜಿನ್ ಕೂಗತೊಡಗುತ್ತದೆ, ಕ್ಯಾಬಿನ್ನಿನಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ, ಡ್ರೈವರ್ ಕೈ ತಾನಾಗಿಯೇ ಇಲ್ಲದ ಆರನೇ ಗೇರು ಹುಡುಕುತ್ತದೆ. ಓವರ್‌ಡ್ರೈವ್ (ಹಿಂದಿನ ಶಾಫ್ಟನ್ನು ಎಂಜಿನ್ನಿಗಿಂತ ಜೋರಾಗಿ ತಿರುಗಿಸುವ ಮೇಲಿನ ಗೇರು) ಇರುವ ಗೇರ್‌ಬಾಕ್ಸ್ ಕೂರಿಸಬೇಕೆಂಬ ಯೋಚನೆ ಹುಟ್ಟುವುದು ಅಲ್ಲಿಂದ.

ಯೋಚನೆ ಸರಿಯೇ. ಆದರೆ ಓವರ್‌ಡ್ರೈವ್ ಗಾಡಿಗೆ ಶಕ್ತಿ ಕೊಡುವುದಿಲ್ಲ. ಇರುವ ಶಕ್ತಿಯನ್ನು ಕಡಿಮೆ ಸುತ್ತಿನಲ್ಲಿ ತೆಗೆಯಲು ಅವಕಾಶ ಕೊಡುತ್ತದೆ, ಅಷ್ಟೇ. ಆ ಕಡಿಮೆ ಸುತ್ತಿನಲ್ಲಿ ನಿಮ್ಮ ಎಂಜಿನ್‌ಗೆ ಎಳೆಯುವ ತಾಕತ್ತು ಇಲ್ಲದಿದ್ದರೆ ಹಾಕಿದ ದುಡ್ಡೂ ಹೋಯಿತು, ಮೊದಲಿದ್ದ ಗೇರ್‌ಬಾಕ್ಸೂ ಹೋಯಿತು. ಆದ್ದರಿಂದ ಗುಜರಿ ಅಂಗಡಿಗೆ ಹೋಗುವ ಮುಂಚೆ ಒಂದು ಸೀಮೆಸುಣ್ಣ, ಒಂದು ಟೇಪು, ಒಂದು ಕ್ಯಾಲ್ಕುಲೇಟರ್ ಹಿಡಿದು ಗಾಡಿಯ ಹತ್ತಿರ ಹೋಗಿ.

ಯಾರಿಗೆ ಬೇಡ

ಮುಧೋಳ, ಜಮಖಂಡಿ, ರಾಯಬಾಗ, ಅಥಣಿ ಭಾಗದಲ್ಲಿ ಹೊಲದಿಂದ ಕಾರ್ಖಾನೆಗೆ ಕಬ್ಬು ಹೊರುವ ಗಾಡಿಗೆ ಓವರ್‌ಡ್ರೈವ್ ಬೇಡ. ಅದು ಮೂರನೇ ನಾಲ್ಕನೇ ಗೇರಿನಲ್ಲೇ ದಿನ ಕಳೆಯುತ್ತದೆ. ಇಳಕಲ್ ಕಲ್ಲಿನ ಕ್ವಾರಿಯ ಟಿಪ್ಪರ್‌ಗೂ, ಲೋಕಾಪುರದ ಕಡೆ ಸುಣ್ಣದಕಲ್ಲು ಹೊರುವ ಗಾಡಿಗೂ ಬೇಡ. ದಿನದ ಓಟದಲ್ಲಿ ಅರ್ಧಕ್ಕಿಂತ ಹೆಚ್ಚು ಕಿಲೋಮೀಟರ್ ಹೆದ್ದಾರಿಯ ಮೇಲೆ 55ರಿಂದ 70ರ ವೇಗದಲ್ಲಿ ಹೋಗುವ ಗಾಡಿಗೆ, ಅದರಲ್ಲೂ ಒಂದು ಕಡೆ ಖಾಲಿಯಾಗಿಯೋ ಹಗುರ ಮಾಲು ಹಾಕಿಕೊಂಡೋ ಮರಳುವ ಗಾಡಿಗೆ ಇದು ನಿಜವಾಗಿ ಒದಗುತ್ತದೆ.

ಬರೀ ಮೈಲೇಜಿಗಾಗಿ ಕೇಳುತ್ತಿದ್ದರೆ ಮೊದಲು ಚಕ್ರ ಜಾಕ್ ಹಾಕಿ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ. ಡ್ರಮ್ಮಿಗೆ ಲೈನರ್ ಹಿಡಿಯುತ್ತಿದ್ದರೆ, ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ, ಏರ್ ಫಿಲ್ಟರ್ ಕಟ್ಟಿದ್ದರೆ, ಡೀಸೆಲ್ ಪಂಪು ನಾಜಲ್ಲು ಕ್ಯಾಲಿಬ್ರೇಶನ್ ತಪ್ಪಿದ್ದರೆ, ಟ್ಯಾಪೆಟ್ ಸಡಿಲವಿದ್ದರೆ ಅವುಗಳನ್ನು ಸರಿಪಡಿಸುವುದು ಗೇರ್‌ಬಾಕ್ಸಿನ ಖರ್ಚಿನ ಒಂದು ಚೂರಿನಲ್ಲಿ ಆಗುತ್ತದೆ.

ಮೊದಲ ಕೆಲಸ: ನಿಮ್ಮ ಗಾಡಿಯ ಮೂರು ಅಂಕಿ

ಮೂರು ಅಂಕಿ ಬೇಕು: ಟೈರಿನ ಉರುಳು ಸುತ್ತಳತೆ, ಹಿಂದಿನ ಆಕ್ಸಲಿನ ರೇಶಿಯೊ, ಗೇರಿನ ರೇಶಿಯೊ.

ಟೈರನ್ನು ಪುಸ್ತಕ ನೋಡಿ ಬರೆದುಕೊಳ್ಳಬೇಡಿ, ಅಳೆಯಿರಿ. ಲೋಡ್ ಇರುವಾಗ, ಸರಿಯಾದ ಗಾಳಿ ಇರುವಾಗ, ಹಿಂದಿನ ಟೈರಿನ ಕೆಳಗೆ ನೆಲಕ್ಕೂ ಟೈರಿಗೂ ಸೀಮೆಸುಣ್ಣದ ಗೆರೆ ಎಳೆಯಿರಿ. ಚಕ್ರ ಪೂರ್ತಿ ಒಂದು ಸುತ್ತು ಬರುವವರೆಗೆ ಗಾಡಿ ಮುಂದೆ ಸರಿಸಿ ನೆಲದ ಮೇಲೆ ಎರಡನೇ ಗೆರೆ ಹಾಕಿ, ನಡುವಿನ ದೂರ ಅಳೆಯಿರಿ. ಸಪಾಟು ಕಾಂಕ್ರೀಟ್ ಇದ್ದರೆ ಐದು ಸುತ್ತು ಉರುಳಿಸಿ ಐದರಿಂದ ಭಾಗಿಸಿದರೆ ಇನ್ನೂ ನಿಖರ. 10.00-20 ಟೈರಿಗೆ ಇದು ಸುಮಾರು 3.2 ಮೀಟರ್ ಬರುತ್ತದೆ, 9.00-20ಕ್ಕೆ ಅದಕ್ಕಿಂತ ಸ್ವಲ್ಪ ಕಡಿಮೆ.

ಆಕ್ಸಲಿನ ರೇಶಿಯೊ ಎಂದರೆ ಹಿಂದಿನ ಆಕ್ಸಲಿನ ಹೌಸಿಂಗ್ ಒಳಗಿರುವ ಕ್ರೌನಿನ (ದೊಡ್ಡ ಗೇರು) ಹಲ್ಲನ್ನು ಅದನ್ನು ತಿರುಗಿಸುವ ಪಿನಿಯನ್ (ಸಣ್ಣ ಗೇರು) ಹಲ್ಲಿನಿಂದ ಭಾಗಿಸಿದ ಲೆಕ್ಕ. ಹಳೆಯ ಟಾಟಾ ಲಾರಿಗಳಲ್ಲಿ ಹೆಚ್ಚಾಗಿ ಸಿಗುವುದು 41/6, ಅಂದರೆ 6.83, ಮತ್ತು 41/7, ಅಂದರೆ 5.86. ಹೌಸಿಂಗ್ ಮೇಲಿನ ಪಟ್ಟಿ ಅಳಿಸಿಹೋಗಿದ್ದರೂ, ಹಿಂದಿನ ಮಾಲೀಕರು ಕ್ರೌನ್ ಬದಲಿಸಿದ್ದರೂ ಎಣಿಸಿ ತಿಳಿಯಬಹುದು. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಲ್ಲು ಇಡಿ. ಹಿಂದಿನ ಎರಡೂ ಬದಿ ಎತ್ತಿ, ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಕೂಡದು. ಗೇರ್ ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಬಿಡಿ. ಪ್ರೊಪೆಲ್ಲರ್ ಶಾಫ್ಟಿಗೂ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಉದ್ದ ಶಾಫ್ಟು) ಎರಡೂ ಚಕ್ರಗಳಿಗೂ ಗುರುತು ಹಾಕಿ, ಇಬ್ಬರು ಎರಡೂ ಚಕ್ರವನ್ನು ಒಂದೇ ಸಮನೆ 6 ಸುತ್ತು ತಿರುಗಿಸಿ, ಮೂರನೆಯವರು ಶಾಫ್ಟಿನ ಸುತ್ತು ಎಣಿಸಲಿ. ಸರಿಯಾಗಿ 41 ಬಂದರೆ ಅದು 41/6. ಏಳು ಸುತ್ತಿಗೆ 41 ಬಂದರೆ 41/7. ಒಂದು ಚಕ್ರ ನಿಂತು ಇನ್ನೊಂದೇ ತಿರುಗಿದರೆ ಡಿಫರೆನ್ಶಿಯಲ್ ಲೆಕ್ಕ ಕೆಡಿಸುತ್ತದೆ. ಆಗ ತಿರುಗುವ ಚಕ್ರ ಎರಡು ಪಟ್ಟು ಸುತ್ತುತ್ತದೆ. ಇಲ್ಲಿ ತಪ್ಪು ಎಣಿಸಿದವರೇ ಹೆಚ್ಚು.

ಈಗ ಲೆಕ್ಕ. ವೇಗವನ್ನು ಕಿ.ಮೀ.ನಲ್ಲಿ ತೆಗೆದುಕೊಂಡು 1000ದಿಂದ ಗುಣಿಸಿ, 60ರಿಂದ ಭಾಗಿಸಿ, ಟೈರಿನ ಸುತ್ತಳತೆಯಿಂದ ಭಾಗಿಸಿ. ಅದು ಚಕ್ರ ನಿಮಿಷಕ್ಕೆ ತಿರುಗುವ ಸುತ್ತು. ಅದನ್ನು ಆಕ್ಸಲಿನ ರೇಶಿಯೊದಿಂದಲೂ ಗೇರಿನ ರೇಶಿಯೊದಿಂದಲೂ ಗುಣಿಸಿದರೆ ಎಂಜಿನ್ನಿನ ಆರ್‌ಪಿಎಂ, ಅಂದರೆ ನಿಮಿಷದ ಸುತ್ತು. ಗೇರಿನ ರೇಶಿಯೊ ಎಂದರೆ ಬಾಕ್ಸಿನ ಹಿಂದಿನ ಶಾಫ್ಟು ಒಂದು ಸುತ್ತು ಬರಲು ಎಂಜಿನ್ ಎಷ್ಟು ಸುತ್ತಬೇಕು ಎಂಬುದು: ಡೈರೆಕ್ಟ್ ಗೇರಿನಲ್ಲಿ 1, ಓವರ್‌ಡ್ರೈವಿನಲ್ಲಿ ಅದಕ್ಕಿಂತ ಕಡಿಮೆ. 60ರ ವೇಗ, 3.2 ಮೀಟರ್ ಟೈರು ಎಂದುಕೊಂಡರೆ ಚಕ್ರದ್ದು 312.5 ಸುತ್ತು. ಅದರ ಮೇಲೆ:

- 6.83 ಆಕ್ಸಲ್, ಡೈರೆಕ್ಟ್ ಟಾಪ್ ಗೇರ್: ಸುಮಾರು 2,135 ಆರ್‌ಪಿಎಂ
- 6.83 ಆಕ್ಸಲ್, 0.8ರ ಓವರ್‌ಡ್ರೈವ್: ಸುಮಾರು 1,710
- 5.86 ಆಕ್ಸಲ್, ಡೈರೆಕ್ಟ್: ಸುಮಾರು 1,830
- 5.86 ಆಕ್ಸಲ್, 0.8ರ ಓವರ್‌ಡ್ರೈವ್: ಸುಮಾರು 1,465

ಈ ನಾಲ್ಕು ಸಾಲುಗಳನ್ನು ಎಂಜಿನ್ ಮ್ಯಾನ್ಯುಯಲ್ಲಿನ ಟಾರ್ಕ್ (ತಿರುಗಿಸುವ ಬಲ) ಅಂಕಿಯ ಪಕ್ಕ ಇಟ್ಟು ನೋಡಿ. ಗರಿಷ್ಠ ಟಾರ್ಕ್ ಎಷ್ಟು ಆರ್‌ಪಿಎಂನಲ್ಲಿ ಬರುತ್ತದೋ ಅದಕ್ಕಿಂತ ಕೆಳಗೆ ಟಾಪ್ ಗೇರಿನ ಓಟ ಬೀಳಕೂಡದು. ಕಮಿನ್ಸ್ 6ಬಿಟಿ 5.9 ಲೀಟರಿನ ಟರ್ಬೊ ಎಂಜಿನ್ 1,500ರ ಸುತ್ತಮುತ್ತ ಚೆನ್ನಾಗಿ ಎಳೆಯುತ್ತದೆ. ಟರ್ಬೊ ಇಲ್ಲದ ಹಳೆಯ ಟಾಟಾ 697ಕ್ಕೆ (ಆರು ಸಿಲಿಂಡರ್, 97 ಮಿ.ಮೀ. ಬೋರು, ಹೆಸರೇ ಅದನ್ನು ಹೇಳುತ್ತದೆ) ಅಷ್ಟು ಕೆಳಗೆ ಲೋಡ್ ಹೊರುವ ಉಸಿರಿಲ್ಲ.

ಎರಡನೇ ಕೆಲಸ: ಏರಿನ ಲೆಕ್ಕ

ಆರ್‌ಪಿಎಂ ಲೆಕ್ಕದ ಹತ್ತಿರವೇ ನಿಲ್ಲುವವರು ಮೋಸ ಹೋಗುತ್ತಾರೆ. ವಿಜಯಪುರದಿಂದ ಕೊಲ್ಹಾರದ ಕಡೆ ಹೋಗುವ ರಸ್ತೆ ಕಣ್ಣಿಗೆ ಸಪಾಟಾಗಿ ಕಾಣುತ್ತದೆ. ತುಂಬಿದ ಗಾಡಿಯ ಆಕ್ಸಿಲರೇಟರ್ ಮೇಲೆ ಕಾಲಿಟ್ಟವರಿಗೆ ಮಾತ್ರ ಅದರ ಏರಿಳಿತ ಗೊತ್ತು. ನೂರು ಮೀಟರಿಗೆ ಒಂದೇ ಮೀಟರ್ ಏರುವ ರಸ್ತೆ, ಅಂದರೆ ಶೇಕಡಾ 1ರ ಏರು, ಕಣ್ಣಿಗೆ ಏರೆಂದೇ ಅನಿಸುವುದಿಲ್ಲ. ಅದು ಎಂಜಿನ್ನಿಗೆ ಏನು ಮಾಡುತ್ತದೆ ನೋಡಿ.

2018ಕ್ಕೆ ಮೊದಲಿನ ಕಾನೂನಿನ ಪ್ರಕಾರ ಎರಡು ಆಕ್ಸಲ್ಲಿನ ಲಾರಿಯ ಒಟ್ಟು ತೂಕ 16,200 ಕೆಜಿ. ಅಷ್ಟು ತೂಕದ ಗಾಡಿ 60ರಲ್ಲಿ ಸಪಾಟು ಡಾಂಬರಿನ ಮೇಲೆ ಹೋಗಲು ಟೈರಿನ ತಡೆ, ಗಾಳಿಯ ತಡೆ, ಗೇರು ಹೌಸಿಂಗಿನ ನಷ್ಟ ಎಲ್ಲ ಸೇರಿ ಸುಮಾರು 43 ಕಿಲೊವ್ಯಾಟ್, ಅಂದರೆ 58 ಎಚ್‌ಪಿಯಷ್ಟು ಬೇಕು. ಶೇಕಡಾ 1ರ ಏರು ಬಂದರೆ ಅದೇ ಗಾಡಿಗೆ ಅದೇ ವೇಗಕ್ಕೆ ಸುಮಾರು 71 ಕಿಲೊವ್ಯಾಟ್. ಈ ಶಕ್ತಿಯನ್ನು 2,135 ಆರ್‌ಪಿಎಂನಲ್ಲಿ ತೆಗೆಯಲು 320 ಎನ್‌ಎಂ (ನ್ಯೂಟನ್-ಮೀಟರ್) ಟಾರ್ಕ್ ಸಾಕು. 1,710ರಲ್ಲಿ ತೆಗೆಯಬೇಕಾದರೆ 400 ಎನ್‌ಎಂ ಬೇಕು. 1,465ಕ್ಕೆ ಇಳಿದರೆ 465ರ ಹತ್ತಿರ. ನಿಮ್ಮ ಎಂಜಿನ್ನಿನ ಗರಿಷ್ಠ ಟಾರ್ಕೇ 380 ಆಗಿದ್ದರೆ ತುಂಬಿದ ಗಾಡಿ ಆ ಕಾಣದ ಏರಿನಲ್ಲೂ ಓವರ್‌ಡ್ರೈವಿನಲ್ಲಿ ವೇಗ ಉಳಿಸಿಕೊಳ್ಳುವುದಿಲ್ಲ. ಡ್ರೈವರ್ ಕೆಳಗಿನ ಗೇರಿಗೆ ಬರುತ್ತಾರೆ, ಮೇಲೆ ಹೋಗುತ್ತಾರೆ, ಮತ್ತೆ ಬರುತ್ತಾರೆ; ಕ್ಲಚ್ಚೂ ಡೀಸೆಲ್ಲೂ ಎರಡೂ ಸವೆಯುತ್ತವೆ.

ಖಾಲಿ ಗಾಡಿಗೆ ಹೀಗಿಲ್ಲ. ಸುಮಾರು 6 ಟನ್ನಿನ ಖಾಲಿ ಲಾರಿ ಅದೇ ಏರಿನಲ್ಲಿ 1,710 ಆರ್‌ಪಿಎಂನಲ್ಲಿ ಕೇಳುವುದು 200 ಎನ್‌ಎಂ ಚಿಲ್ಲರೆ. ಯಾವ ಹಳೆಯ ಎಂಜಿನ್ನಾದರೂ ಆರಾಮಾಗಿ ಕೊಡುತ್ತದೆ. ಆದ್ದರಿಂದ ಟರ್ಬೊ ಇಲ್ಲದ ಎಂಜಿನ್ ಇದ್ದರೆ ಓವರ್‌ಡ್ರೈವನ್ನು ಖಾಲಿ ಓಟದ ಗೇರು ಎಂದು ತಿಳಿದೇ ಕೊಳ್ಳಿ, ಲೋಡಿನ ಗೇರು ಎಂದಲ್ಲ. ಹಗುರ ಮಾಲಿನಲ್ಲೂ ಒಂದು ಎಚ್ಚರಿಕೆ: ಮೇವು, ಹತ್ತಿ, ಖಾಲಿ ಕ್ರೇಟಿನಂಥದ್ದನ್ನು ಎತ್ತರಕ್ಕೆ ಏರಿಸಿದರೆ ತೂಕ ಕಡಿಮೆಯಾದರೂ ಗಾಳಿಯ ತಡೆ ಹೆಚ್ಚುತ್ತದೆ.

ಡೀಸೆಲ್ ಉಳಿತಾಯವನ್ನೂ ಈಗಲೇ ಬರೆದು ನೋಡಿ. ತಿಂಗಳಿಗೆ ಓವರ್‌ಡ್ರೈವಿನಲ್ಲಿ ಓಡುವ ಕಿ.ಮೀ.ಯನ್ನು ಹಳೆಯ ಮೈಲೇಜಿನಿಂದ ಭಾಗಿಸಿ, ಹೊಸ ಮೈಲೇಜಿನಿಂದಲೂ ಭಾಗಿಸಿ, ಕಳೆಯಿರಿ. ಉದಾಹರಣೆಗೆ 3,000 ಕಿ.ಮೀ., ಲೀಟರಿಗೆ 4 ಇದ್ದದ್ದು 4.3 ಆಯಿತು ಎನ್ನಿ: ತಿಂಗಳಿಗೆ 52 ಲೀಟರ್. ಗೇರ್‌ಬಾಕ್ಸು, ಕ್ಲಚ್ಚು, ಶಾಫ್ಟು, ಕೂಲಿ ಸೇರಿಸಿದ ಖರ್ಚನ್ನು ಇದರ ಬೆಲೆಯಿಂದ ಭಾಗಿಸಿದರೆ ಎಷ್ಟು ತಿಂಗಳು ಎಂದು ಗೊತ್ತಾಗುತ್ತದೆ. ಗಾಡಿ ಅಷ್ಟು ತಿಂಗಳು ನಿಮ್ಮ ಹತ್ತಿರ ಇರುತ್ತದೆಯೇ?

ಮೂರು ದಾರಿಗಳು

ಮೊದಲನೆಯದು ಕ್ರೌನ್ ಪಿನಿಯನ್ ಬದಲಿಸುವುದು. 41/6 ಇದ್ದಲ್ಲಿ 41/7 ಹಾಕಿದರೆ ಎಂಜಿನ್ ಸುತ್ತು ಶೇಕಡಾ 14ರಷ್ಟು ಇಳಿಯುತ್ತದೆ. ಗೇರ್‌ಬಾಕ್ಸ್, ಕ್ಲಚ್, ಶಾಫ್ಟ್ ಯಾವುದನ್ನೂ ಮುಟ್ಟಬೇಕಿಲ್ಲ. ಡೈರೆಕ್ಟ್ ಗೇರಿನಲ್ಲಿ ಶಕ್ತಿ ಮೇನ್ ಶಾಫ್ಟಿನ ಮೂಲಕ ನೇರ ಹೋಗುತ್ತದೆ. ಓವರ್‌ಡ್ರೈವಿನಲ್ಲಿ ಬಾಕ್ಸಿನೊಳಗಿನ ಇನ್ನೊಂದು ಶಾಫ್ಟಾದ ಲೇ ಶಾಫ್ಟಿಗೆ ಇಳಿದು ಎರಡು ಜೋಡಿ ಹಲ್ಲು ದಾಟಿ ಬರಬೇಕು, ಅಲ್ಲಿ ಸ್ವಲ್ಪ ಶಕ್ತಿ ಶಾಖವಾಗಿ ಹೋಗುತ್ತದೆ. ಹೀಗಾಗಿ ಅದೇ ಆರ್‌ಪಿಎಂ ಸಿಗುವುದಾದರೆ ಡೈರೆಕ್ಟ್ ಗೇರೇ ಮೇಲು. ತೊಂದರೆ ಏನೆಂದರೆ ಟಾಪ್ ಗೇರಿನ ಜೊತೆ ಮೊದಲ ಗೇರೂ ಅಷ್ಟೇ ದುರ್ಬಲವಾಗುತ್ತದೆ. ವಂಟಮುರಿ ಘಟ್ಟದಲ್ಲಿ ಲೋಡ್ ಹಾಕಿಕೊಂಡು ನಿಂತು ಮತ್ತೆ ಎತ್ತಬೇಕಾದಾಗ, ಹೊಲದ ಮೆತ್ತನೆ ಮಣ್ಣಿನಿಂದ ಹೊರಬರಬೇಕಾದಾಗ ಇದು ಕಾಡುತ್ತದೆ. ಹೆಚ್ಚಾಗಿ ಬಯಲು ಹೆದ್ದಾರಿಯಲ್ಲೇ ಓಡುವ ಗಾಡಿಗೆ ನಮ್ಮ ಮೊದಲ ಸಲಹೆ ಇದೇ. ಕ್ರೌನ್ ಮತ್ತು ಪಿನಿಯನ್ ಯಾವಾಗಲೂ ಜೋಡಿಯಾಗಿಯೇ ಬರಬೇಕು, ಇಬ್ಬರ ಗಾಡಿಯಿಂದ ಬಿಡಿಬಿಡಿಯಾಗಿ ತಂದು ಕೂಡಿಸಿದರೆ ಹಲ್ಲು ಊಳಿಡುತ್ತದೆ, ಬೇಗ ಮುರಿಯುತ್ತದೆ.

ಎರಡನೆಯದು ಓವರ್‌ಡ್ರೈವ್ ಇರುವ ಆರು ಗೇರಿನ ಪೂರ್ತಿ ಬಾಕ್ಸ್. ಮೊದಲ ಗೇರು ಆಳವಾಗಿಯೇ ಉಳಿದು ಮೇಲೆ ಒಂದು ಗೇರು ಹೆಚ್ಚುವುದು ಇದರ ಲಾಭ. ಬೆಳಗಾವಿಯಿಂದ ಅನಮೋಡ ಅಥವಾ ಚೋರ್ಲಾ ಘಟ್ಟ ಇಳಿದು ಗೋವಾಕ್ಕೆ ಹೋಗಿ, ಮರುದಿನ ಪುಣೆ ರಸ್ತೆ ಹಿಡಿಯುವ ಗಾಡಿಗೆ ಇದು ಸರಿ.

ಮೂರನೆಯದು ಇದ್ದ ಗೇರ್‌ಬಾಕ್ಸಿನ ಹಿಂದೆ ಕೂರಿಸುವ ಬೇರೆ ಓವರ್‌ಡ್ರೈವ್ ಯೂನಿಟ್. ಅಮೆರಿಕದಲ್ಲಿ ಹಳೆಯ ಡೀಸೆಲ್ ಪಿಕಪ್‌ಗಳಿಗೆ ಗೇರ್ ವೆಂಡರ್ಸ್ ಎಂಬ ಕಂಪನಿಯ 0.78 ರೇಶಿಯೊದ ಯೂನಿಟ್ ಹೆಸರುವಾಸಿ. ನಮ್ಮ 16 ಟನ್ನಿನ ಲಾರಿಯ ಬೇಡಿಕೆಯೇ ಬೇರೆ, ಬಿಡಿಭಾಗಕ್ಕೂ ಪರದಾಡಬೇಕು. ಇದನ್ನು ಬಿಟ್ಟುಬಿಡಿ.

ಬಾಕ್ಸ್ ಆರಿಸುವಾಗ

ಆರು ಗೇರು ಇದೆ ಎಂದ ಮಾತ್ರಕ್ಕೆ ಓವರ್‌ಡ್ರೈವ್ ಇದೆ ಎಂದಲ್ಲ. ಎಷ್ಟೋ ಆರು ಗೇರಿನ ಬಾಕ್ಸುಗಳ ಆರನೆಯದು ಡೈರೆಕ್ಟೇ. ಹೆಚ್ಚಿನ ಗೇರನ್ನು ಕೆಳಗೆ ಆಳಕ್ಕೆ ಸೇರಿಸಿರುತ್ತಾರೆ. ಪಟ್ಟಿ ಉಳಿದಿದ್ದರೆ ಸುಳಿವು ಸಿಗುತ್ತದೆ: ಝಡ್‌ಎಫ್‌ನ 9ಎಸ್ 1110ರಂಥ ಬಾಕ್ಸಿನ ಹೆಸರಿನ ಕೊನೆಗೆ ಟಿಡಿ ಇದ್ದರೆ ಡೈರೆಕ್ಟ್, ಟಿಓ ಇದ್ದರೆ ಓವರ್‌ಡ್ರೈವ್. ಈಟನ್ ಹೆಸರುಗಳಲ್ಲೂ ಓ ಅಕ್ಷರ ಓವರ್‌ಡ್ರೈವಿನದು. ಪಟ್ಟಿ ಇಲ್ಲದಿದ್ದರೆ ಮತ್ತೆ ಸೀಮೆಸುಣ್ಣ. ಇನ್‌ಪುಟ್ ಶಾಫ್ಟಿಗೂ (ಎಂಜಿನ್ ಕಡೆಯದು) ಹಿಂದಿನ ಫ್ಲ್ಯಾಂಜಿಗೂ (ಪ್ರೊಪೆಲ್ಲರ್ ಶಾಫ್ಟ್ ಕೂಡುವ ಬಿಲ್ಲೆ) ಗುರುತು ಹಾಕಿ, ಎಲ್ಲಕ್ಕಿಂತ ಮೇಲಿನ ಗೇರಿಗೆ ಹಾಕಿ, ಫ್ಲ್ಯಾಂಜನ್ನು 10 ಸುತ್ತು ತಿರುಗಿಸಿ. ಮುಂದಿನ ಶಾಫ್ಟು 10 ಸುತ್ತಿದರೆ ಡೈರೆಕ್ಟ್. 8 ಸುತ್ತಿದರೆ 0.8. ಏಳೂವರೆ ಸುತ್ತಿದರೆ 0.75. "ಓಡಿ (ಓವರ್‌ಡ್ರೈವ್) ಬಾಕ್ಸ್ ಐತ್ರೀ ಮಾಲಕ್ರ, ಕಣ್ಣು ಮುಚ್ಚಿ ಒಯ್ರಿ" ಎಂದು ಅಂಗಡಿಯವರು ಹೇಳಿದರೂ ಈ ಹತ್ತು ಸುತ್ತು ಎಣಿಸದೆ ದುಡ್ಡು ಕೊಡಬೇಡಿ. ಹೀಗೆಯೇ ಮೊದಲ ಗೇರನ್ನೂ ಎಣಿಸಿಕೊಳ್ಳಿ: ಹಿಂದೆ ಒಂದು ಸುತ್ತಿಗೆ ಮುಂದೆ ಎಷ್ಟು. ನಿಮ್ಮ ಹಳೆಯ ಬಾಕ್ಸಿನಲ್ಲಿ ಏಳೂವರೆ ಇದ್ದು ಹೊಸದರಲ್ಲಿ ಆರೂವರೆ ಇದ್ದರೆ ಎತ್ತುವ ತಾಕತ್ತು ಶೇಕಡಾ 13ರಷ್ಟು ಕಡಿಮೆಯಾಯಿತು.

ಡೈರೆಕ್ಟಿಗೂ ಓವರ್‌ಡ್ರೈವಿಗೂ ನಡುವಿನ ಜಿಗಿತ ನೋಡಿ. 0.8 ಇದ್ದರೆ 2,000ದಲ್ಲಿ ಗೇರು ಹಾಕಿದಾಗ 1,600ಕ್ಕೆ ಬೀಳುತ್ತದೆ. 0.7 ಇದ್ದರೆ 1,400ಕ್ಕೆ. ಹಳೆಯ ಎಂಜಿನ್ನಿಗೆ 0.8ರ ಆಸುಪಾಸೇ ಹಿತ.

ಬಾಕ್ಸ್ ಹೊರಬಲ್ಲ ಟಾರ್ಕ್ ನಿಮ್ಮ ಎಂಜಿನ್ನಿನ ಗರಿಷ್ಠ ಟಾರ್ಕಿಗಿಂತ ಹೆಚ್ಚಿರಬೇಕು. ಝಡ್‌ಎಫ್ 6ಎಸ್-850 ಎಂದರೆ ಆರು ಗೇರು, 850 ಎನ್‌ಎಂ ವರ್ಗ ಎಂದು ಹೆಸರಲ್ಲೇ ಇದೆ. ಹಳೆಯ ಪಟ್ಟಿಗಳಲ್ಲಿ ಟಾರ್ಕ್ ಕೆಜಿ-ಮೀಟರಿನಲ್ಲಿ ಇದ್ದರೆ 9.8ರಿಂದ ಗುಣಿಸಿದರೆ ಎನ್‌ಎಂ.

ನಮ್ಮ ಒತ್ತಾಯ ಒಂದೇ: ಸಾಧ್ಯವಾದಷ್ಟೂ ನಿಮ್ಮ ಗಾಡಿಯ ಕಂಪನಿಯೇ, ನಿಮ್ಮ ಎಂಜಿನ್ ಕುಟುಂಬಕ್ಕೇ ಜೋಡಿಸಿ ಮಾರಿದ ಬಾಕ್ಸನ್ನು ಹುಡುಕಿ. ಬೆಲ್ ಹೌಸಿಂಗ್ (ಎಂಜಿನ್ನಿಗೂ ಬಾಕ್ಸಿಗೂ ನಡುವೆ ಕ್ಲಚ್ ಮುಚ್ಚುವ ಕವಚ), ಕ್ಲಚ್, ಮೌಂಟಿಂಗ್ ಎಲ್ಲ ಒಂದೇ ಸಲಕ್ಕೆ ಕೂಡುತ್ತವೆ. ಅದೇ ಮಾಡೆಲ್ಲಿನ ನಂತರದ ವರ್ಷದ ಗಾಡಿ ಗುಜರಿಗೆ ಬಂದಿದ್ದರೆ ಬಾಕ್ಸ್ ಒಂದನ್ನೇ ಅಲ್ಲ, ಬೆಲ್ ಹೌಸಿಂಗ್, ಕ್ಲಚ್ ಫೋರ್ಕ್, ರಿಲೀಸ್ ಬೇರಿಂಗ್, ಮುಂದಿನ ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಮೌಂಟಿಂಗ್, ಗೇರ್ ಲಿವರಿನ ಜೋಡಣೆ, ಬೋಲ್ಟು ಸಹಿತ ಮಾತಾಡಿ ತನ್ನಿ. ಬಿಡಿಯಾಗಿ ಹುಡುಕಲು ಹೋದರೆ ಒಂದು ಫೋರ್ಕಿಗೆ ವಾರ ಹಿಡಿಯುತ್ತದೆ, ಗಾಡಿ ಅಷ್ಟು ದಿನ ನಿಂತಿರುತ್ತದೆ.

ಹಳೆಯ ಬಾಕ್ಸಿನ ಒಳಗೆ ನೋಡುವುದು

ಎಣ್ಣೆ ಇಳಿಸಿ ಬಿಳಿ ತಟ್ಟೆಯಲ್ಲಿ ಹಿಡಿಯಿರಿ, ಬಿಸಿಲಿಗೆ ಓರೆ ಮಾಡಿ. ಹಿತ್ತಾಳೆ ಬಣ್ಣದ ನಯವಾದ ಮಿನುಗು ಇದ್ದರೆ ಸಿಂಕ್ರೊ ರಿಂಗು (ಗೇರು ಹಾಕುವಾಗ ಸುತ್ತು ಸಮ ಮಾಡುವ ಬಳೆ) ಸವೆದಿದೆ; ಸ್ವಲ್ಪ ಇದ್ದರೆ ಸಹಜ, ಪೇಂಟಿನಂತೆ ತೇಲಿದರೆ ರಿಂಗುಗಳ ಪೂರ್ತಿ ಸೆಟ್ ಲೆಕ್ಕಕ್ಕೆ ಸೇರಿಸಿ. ಬೆಳ್ಳಿ ಬಣ್ಣದ ಚೂರುಗಳು ಉಗುರಿಗೆ ಸಿಗುವಂತಿದ್ದರೆ ಹಲ್ಲೋ ಬೇರಿಂಗೋ ಒಡೆದಿದೆ. ಎಣ್ಣೆ ಹಾಲಿನಂತಿದ್ದರೆ ನೀರು ಹೊಕ್ಕಿದೆ, ಬೇರಿಂಗಿಗೆ ತುಕ್ಕು ಹಿಡಿದಿರುತ್ತದೆ. ಎಣ್ಣೆಯೇ ಇಲ್ಲದಿದ್ದರೆ, ಒಳಗೆ ತೊಳೆದು ಒರೆಸಿ ಇಟ್ಟಿದ್ದರೆ, ಮೇಲಿನ ಕವರ್ ಬಿಚ್ಚಿಸದೆ ಕೊಳ್ಳಬೇಡಿ.

ಕವರ್ ತೆಗೆದ ಮೇಲೆ ಮೊದಲು ನೋಡಬೇಕಾದ್ದು ಓವರ್‌ಡ್ರೈವ್ ಗೇರಿನ ಜೋಡಿ. ಹಿಂದಿನ ಡ್ರೈವರ್ ಅದರಲ್ಲೇ ಲೋಡ್ ಎಳೆದಿದ್ದರೆ ಹಲ್ಲಿನ ಮೈಮೇಲೆ ಸಿಡುಬಿನಂಥ ಗುಳಿಗಳು ಬಿದ್ದಿರುತ್ತವೆ. ಡಾಗ್ ಹಲ್ಲಿನ (ಹಾಕಿದ ಗೇರನ್ನು ಕಚ್ಚಿ ಹಿಡಿಯುವ ಸಣ್ಣ ಹಲ್ಲು) ಮೂಲೆ ಚೂಪಾಗಿದೆಯೋ ದುಂಡಗಾಗಿದೆಯೋ ಬೆರಳಾಡಿಸಿ ನೋಡಿ. ದುಂಡಗಾಗಿದ್ದರೆ ಆ ಗೇರು ಓಡುವಾಗ ತಾನೇ ಕಳಚಿ ನ್ಯೂಟ್ರಲ್‌ಗೆ ಬರುತ್ತದೆ. ಇನ್‌ಪುಟ್ ಶಾಫ್ಟಿನ ಮೂತಿ, ಅಂದರೆ ಫ್ಲೈವೀಲಿನ ಪೈಲಟ್ ಬೇರಿಂಗಿನಲ್ಲಿ ಕೂರುವ ಭಾಗ, ಸವೆದು ಗೆರೆ ಬಿದ್ದಿದ್ದರೆ ಅದೂ ಖರ್ಚೇ. ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಿದಾಗ ಕಟಕಟ ಎಂದರೆ ಬೇರಿಂಗ್ ಹೋಗಿದೆ.

ಬಿಚ್ಚುವ ಮುಂಚೆ ಅಳೆಯುವುದು

ಹಳೆಯ ಬಾಕ್ಸ್ ಗಾಡಿಯಲ್ಲಿ ಇರುವಾಗಲೇ ಬೆಲ್ ಹೌಸಿಂಗ್ ಮುಖದಿಂದ ಹಿಂದಿನ ಫ್ಲ್ಯಾಂಜಿನವರೆಗಿನ ಉದ್ದ, ಮೌಂಟಿಂಗ್ ಬೋಲ್ಟುಗಳ ಅಂತರ, ಫ್ಲ್ಯಾಂಜಿನ ತೂತುಗಳ ಸಂಖ್ಯೆ ಮತ್ತು ವೃತ್ತದ ಅಳತೆ ಬರೆದುಕೊಳ್ಳಿ. ಹೊಸದರ ಜೊತೆ ಹೋಲಿಸಿ. ಇನ್‌ಪುಟ್ ಶಾಫ್ಟಿನ ಸ್ಪ್ಲೈನ್ (ಉದ್ದಕ್ಕೆ ಕೊರೆದ) ಹಲ್ಲು ಎಣಿಸಿ, ವ್ಯಾಸ ಅಳೆಯಿರಿ. ಕ್ಲಚ್ ಪ್ಲೇಟಿನ ನಡುವಿನ ಹಬ್ ಅದಕ್ಕೇ ಹೊಂದಬೇಕು, ಹೊರಗಿನ ವ್ಯಾಸ ನಿಮ್ಮ ಪ್ರೆಶರ್ ಪ್ಲೇಟಿಗೆ ಹೊಂದಬೇಕು. ರಿಲೀಸ್ ಬೇರಿಂಗ್ ತಳ್ಳುವ ಮಾದರಿಯೋ ಎಳೆಯುವ ಮಾದರಿಯೋ ನೋಡಿ. ಇವೆರಡು ಒಂದಕ್ಕೊಂದು ಕೂಡುವುದಿಲ್ಲ. ಎಳೆಯುವ ಮಾದರಿಯ ಬಾಕ್ಸ್ ತಂದರೆ ಪ್ರೆಶರ್ ಪ್ಲೇಟಿನಿಂದ ಹಿಡಿದು ಎಲ್ಲ ಬದಲಾಗಬೇಕು. ಪಂಪಿಗೆ ಪಿಟಿಓ (ಬಾಕ್ಸಿನಿಂದ ಶಕ್ತಿ ತೆಗೆದುಕೊಡುವ ಜೋಡಣೆ) ಬೇಕಿದ್ದರೆ ಬಾಕ್ಸಿನ ಪಕ್ಕದ ಕಿಂಡಿ ಯಾವ ಕಡೆ ಇದೆ, ಪಂಪು ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದನ್ನೂ ಬರೆಯಿರಿ. ರಿವರ್ಸ್ ಲೈಟ್ ಸ್ವಿಚ್, ಸ್ಪೀಡೋಮೀಟರ್ ಕೇಬಲ್ಲಿನ ಜಾಗ ಬೇಗ ಮರೆತುಹೋಗುವಂಥವು.

ಪ್ರೊಪೆಲ್ಲರ್ ಶಾಫ್ಟ್ ಉದ್ದ ಬದಲಾಗುವುದು ಬಹುತೇಕ ಖಚಿತ. ಲೇತ್, ವೆಲ್ಡಿಂಗ್ ಕೆಲಸಕ್ಕೆ ಬೆಳಗಾವಿಯ ಉದ್ಯಮಬಾಗದಂಥ ಜಾಗ ಹತ್ತಿರವಿರುವುದು ನಮ್ಮ ಭಾಗದವರ ಪುಣ್ಯ. ಆದರೆ ಕತ್ತರಿಸಿ ಬೆಸುಗೆ ಹಾಕಿ ತಂದರೆ ಸಾಲದು, ಡೈನಾಮಿಕ್ ಬ್ಯಾಲೆನ್ಸಿಂಗ್ ಆಗಲೇಬೇಕು. 6.83 ಆಕ್ಸಲ್ಲಿನ ಗಾಡಿ 80ರಲ್ಲಿ ಹೋಗುವಾಗ ಶಾಫ್ಟು ನಿಮಿಷಕ್ಕೆ 2,850 ಸುತ್ತು ತಿರುಗುತ್ತದೆ. ಎಂಜಿನ್ ತಣ್ಣಗೆ ಓಡುತ್ತಿದ್ದರೂ ಓವರ್‌ಡ್ರೈವಿನಲ್ಲಿ ಶಾಫ್ಟು ಎಂಜಿನ್ನಿಗಿಂತ ಜೋರಾಗಿ ತಿರುಗುತ್ತದೆ ಎಂಬುದನ್ನು ಮರೆಯಬೇಡಿ.

ಕೂರಿಸುವಾಗ

ಬ್ಯಾಟರಿ ಬಿಚ್ಚಿ, ಏರ್ ಟ್ಯಾಂಕ್ ಖಾಲಿ ಮಾಡಿ, ಚಕ್ರಗಳಿಗೆ ಅಡ್ಡಗಲ್ಲು ಹಾಕಿ ಕೆಲಸ ಶುರು ಮಾಡಿ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವಾಗ ಎರಡೂ ತುದಿಗೆ ಗುರುತು ಹಾಕಿ. ಬಾಕ್ಸಿಗೆ ಗೇರ್‌ಬಾಕ್ಸ್ ಜಾಕ್ ಇಲ್ಲವೇ ಚೈನ್ ಪುಲ್ಲಿ ಬೇಕು. ಮಿಸ್ತ್ರಿ, ಹುಡುಗರು ಎದೆಯ ಮೇಲೆ ಹೊತ್ತು ಇಳಿಸುವ ರೂಢಿ ಬಿಡಿಸಿ.

ಹಳೆಯ ಬಾಕ್ಸ್ ಇಳಿದ ಕೂಡಲೇ ಫ್ಲೈವೀಲ್ ನೋಡಿ. ನೀಲಿ ಕಲೆ, ಬಿರುಕು ಇದ್ದರೆ ಲೇತಿಗೆ ಕಳಿಸಿ. ಹಿಂದಿನ ಕ್ರ್ಯಾಂಕ್ ಆಯಿಲ್ ಸೀಲ್ ಮತ್ತು ಪೈಲಟ್ ಬೇರಿಂಗ್ ಹೊಸದೇ ಹಾಕಿ. ಬೇರೆ ಬೆಲ್ ಹೌಸಿಂಗ್ ಹಾಕಿದ್ದರೆ ಡಯಲ್ ಗೇಜನ್ನು ಫ್ಲೈವೀಲಿಗೆ ಕಚ್ಚಿಸಿ, ಎಂಜಿನ್ ಕೈಯಲ್ಲಿ ತಿರುಗಿಸುತ್ತಾ ಬೆಲ್ ಹೌಸಿಂಗಿನ ನಡುತೂತು ಎಷ್ಟು ಓರೆಯಿದೆ ನೋಡಬೇಕು. ಒಟ್ಟು 0.2 ಮಿ.ಮೀ. ಒಳಗಿರಲಿ. ಈ ಅರ್ಧ ಗಂಟೆಯ ಕೆಲಸ ಬಿಟ್ಟವರ ಗಾಡಿಯಲ್ಲಿ ಇನ್‌ಪುಟ್ ಬೇರಿಂಗ್ ಕೆಲವೇ ತಿಂಗಳಲ್ಲಿ ಕೂಗುತ್ತದೆ, ಕ್ಲಚ್ ಪ್ಲೇಟಿನ ಹಬ್ ಸೀಳುತ್ತದೆ. ಬೈಗುಳ ಮಾತ್ರ ಬಾಕ್ಸಿಗೆ ಬೀಳುತ್ತದೆ.

ಕ್ಲಚ್ ಪ್ಲೇಟನ್ನು ಡಮ್ಮಿ ಶಾಫ್ಟ್ ಹಾಕಿ ನಡುವಿಗೆ ತನ್ನಿ. ಬೆಲ್ ಹೌಸಿಂಗಿನ ಎರಡು ಎದುರುಬದುರು ತೂತಿಗೆ ತಲೆ ಕತ್ತರಿಸಿದ ಉದ್ದ ಬೋಲ್ಟು ಹಾಕಿದರೆ ಬಾಕ್ಸ್ ಅದರ ಮೇಲೆ ಜಾರಿ ನೇರ ಬಂದು ಕೂರುತ್ತದೆ. ಕೊನೆಯ ಅಂಗುಲ ಕೂರದಿದ್ದರೆ ಬೋಲ್ಟು ಬಿಗಿದು ಎಳೆಯಬೇಡಿ, ಗೇರಿಗೆ ಹಾಕಿ ಹಿಂದಿನ ಫ್ಲ್ಯಾಂಜನ್ನು ಸ್ವಲ್ಪ ತಿರುಗಿಸಿ. ಸ್ಪ್ಲೈನ್ ತಾನೇ ಹೊಂದುತ್ತದೆ. ಬಾಕ್ಸಿನ ಭಾರವನ್ನು ಒಂದು ಕ್ಷಣವೂ ಇನ್‌ಪುಟ್ ಶಾಫ್ಟಿನ ಮೇಲೆ ನೇತಾಡಿಸಬೇಡಿ. ಪ್ಲೇಟಿನ ಹಬ್ ಬಾಗಿದರೆ ಕ್ಲಚ್ ಪೂರ್ತಿ ಬಿಡುವುದೇ ಇಲ್ಲ, ಗೇರು ಗರಗರ ಎನ್ನುತ್ತದೆ.

ಹಿಂದಿನ ಕ್ರಾಸ್ ಮೆಂಬರ್ ಸರಿಸಬೇಕಾಗಿ ಬಂದರೆ ಚಾಸಿಗೆ ಬೆಸುಗೆ ಹಾಕಿಸಬೇಡಿ. ನಿಂತ ಮೈಯಲ್ಲಿ ತೂತು ಕೊರೆದು ಒಳ್ಳೆ ದರ್ಜೆಯ ಬೋಲ್ಟಿನಿಂದ ಹಿಡಿಸಿ. ಮೇಲಿನ ಕೆಳಗಿನ ಮಡಿಕೆಗಳಲ್ಲಿ ತೂತು ಕೂಡದು, ಚಾಸಿ ಸೀಳುವುದು ಅಲ್ಲಿಂದಲೇ.

ಶಾಫ್ಟ್ ಜೋಡಿಸುವಾಗ ಸ್ಲಿಪ್ ಜಾಯಿಂಟಿನ ಎರಡು ಬಾಣದ ಗುರುತು ಎದುರುಬದುರು ಬರಲಿ. ಒಂದು ಹಲ್ಲು ತಪ್ಪಿದರೂ ಗಾಡಿ ನಡುಗುತ್ತದೆ. ಸ್ಲಿಪ್ ಪೂರ್ತಿ ಒಳಗೆ ಮುಚ್ಚಿಕೊಳ್ಳಬಾರದು, ಪಾಟಾ (ಸ್ಪ್ರಿಂಗ್ ಪಟ್ಟಿ) ಕುಣಿದಾಗ ಓಡಾಡಲು ಕನಿಷ್ಠ 25ರಿಂದ 30 ಮಿ.ಮೀ. ಉಳಿದಿರಬೇಕು. ಗೇರ್‌ಬಾಕ್ಸಿನ ಹಿಂದಿನ ಫ್ಲ್ಯಾಂಜ್ ಇಳಿಜಾರು ಮತ್ತು ಹೌಸಿಂಗಿನ ಪಿನಿಯನ್ ಇಳಿಜಾರು ಸಮಾನಾಂತರ ಇರಬೇಕು, ವ್ಯತ್ಯಾಸ ಒಂದು ಡಿಗ್ರಿಗಿಂತ ಹೆಚ್ಚಾದರೆ ಶಾಫ್ಟಿನ ಕೀಲಿನ ಕ್ರಾಸುಗಳು ಬೇಗ ಹೋಗುತ್ತವೆ.

ಎಣ್ಣೆ ವಿಷಯದಲ್ಲಿ ಆತುರ ಬೇಡ. ಹಿತ್ತಾಳೆ ಸಿಂಕ್ರೊ ಇರುವ ಬಾಕ್ಸಿಗೆ ಕಂಪನಿ ಹೇಳಿದ್ದು ಜಿಎಲ್-4 ದರ್ಜೆಯ 80ಡಬ್ಲ್ಯೂ-90 ಆಗಿದ್ದರೆ ಅದನ್ನೇ ಹಾಕಿ. ಹೌಸಿಂಗಿಗೆ ತಂದ ಜಿಎಲ್-5 ಉಳಿದಿದೆಯೆಂದು ಅದನ್ನೇ ಸುರಿಯಬೇಡಿ, ಅದರಲ್ಲಿರುವ ಗಂಧಕದ ರಾಸಾಯನಿಕ ಹಿತ್ತಾಳೆ ರಿಂಗನ್ನು ತಿನ್ನಬಹುದು. ಪಕ್ಕದ ಲೆವೆಲ್ ಪ್ಲಗ್ಗಿನಿಂದ ಜಿನುಗುವವರೆಗೆ ತುಂಬಿ. ಬ್ರೀದರ್ ಬಿಚ್ಚಿ ಊದಿ ನೋಡಿ. ಅದು ಧೂಳಿನಿಂದ ಕಟ್ಟಿದ್ದರೆ ಬಿಸಿಯಾದ ಗಾಳಿ ಹೊರಗೆ ಹೋಗಲಾರದೆ ಮುಂದಿನ ಸೀಲಿನಿಂದ ಎಣ್ಣೆ ತಳ್ಳುತ್ತದೆ, ಹೊಸ ಕ್ಲಚ್ ಪ್ಲೇಟು ಎಣ್ಣೆ ಕುಡಿದು ಜಾರುತ್ತದೆ.

ಮೀಟರು, ಗವರ್ನರ್, ಕಾಗದ

ಸ್ಪೀಡೋಮೀಟರ್ ಕೇಬಲ್ ಬಾಕ್ಸಿನ ಹಿಂದಿನ ಶಾಫ್ಟಿನಿಂದ ಹೊರಡುವುದರಿಂದ ಓವರ್‌ಡ್ರೈವ್ ಒಂದರಿಂದಲೇ ಮೀಟರು ಕೆಡುವುದಿಲ್ಲ. ಹೊಸ ಬಾಕ್ಸಿನ ಸ್ಪೀಡೊ ಪಿನಿಯನ್ ಬೇರೆಯಿದ್ದರೆ ಕೆಡುತ್ತದೆ. ಕ್ರೌನ್ ಪಿನಿಯನ್ ಬದಲಿಸಿದರೆ ಮಾತ್ರ ಖಂಡಿತ ಕೆಡುತ್ತದೆ. 41/6ರಿಂದ 41/7ಕ್ಕೆ ಹೋದ ಗಾಡಿಯ ಮೀಟರು 60 ತೋರಿಸುವಾಗ ನಿಜವಾದ ವೇಗ 70. ಅಲ್ಲಿಂದಲೇ ಸುಳಿವು ಪಡೆಯುವ ಸ್ಪೀಡ್ ಗವರ್ನರ್ (ವೇಗಕ್ಕೆ ಮಿತಿ ಹಾಕುವ ಸಾಧನ) 80ಕ್ಕೆ ಕಟ್ಟಿದ್ದರೆ ಗಾಡಿ 93ರವರೆಗೆ ಹೋಗಿಬಿಡುತ್ತದೆ. 2018ರ ಕೇಂದ್ರದ ಅಧಿಸೂಚನೆಯಲ್ಲಿ ಸರಕು ಗಾಡಿಗೆ ನಾಲ್ಕು ಪಥದ ರಸ್ತೆಯಲ್ಲಿ 80, ಬೇರೆ ರಸ್ತೆಗಳಲ್ಲಿ 60ರ ಮಿತಿ ಇದೆ. ಇಷ್ಟಕ್ಕೂ ಹಳೆಯ ಬ್ರೇಕು ಹೊಸ ವೇಗಕ್ಕೆ ಮಾಡಿದ್ದಲ್ಲ. ಮೀಟರು ಗವರ್ನರ್ ಎರಡನ್ನೂ ಮತ್ತೆ ಹೊಂದಿಸದೆ ರಸ್ತೆಗೆ ತರಬೇಡಿ.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ಆರ್‌ಸಿಯ ವಿವರಗಳು ಕಂಪನಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವುದನ್ನು ತಡೆಯುತ್ತದೆ. ಕಂಪನಿಯೇ ಅದೇ ಮಾಡೆಲ್ಲಿಗೆ ಕೊಟ್ಟ ಬಾಕ್ಸನ್ನು ಹುಡುಕಿ ಎಂದದ್ದಕ್ಕೆ ಇದೂ ಕಾರಣ. ಕೆಲಸಕ್ಕೆ ಮೊದಲೇ ನಿಮ್ಮ ಆರ್‌ಟಿಓ ಕಚೇರಿಗೆ ಬರಹದಲ್ಲಿ ಕೇಳಿ, ವಿಮೆ ಕಂಪನಿಗೂ ತಿಳಿಸಿ, ಬಾಕ್ಸ್ ಕೊಂಡ ಬಿಲ್ಲು ಎಫ್‌ಸಿ (ಫಿಟ್‌ನೆಸ್) ಕಾಗದದ ಜೊತೆ ಇಡಿ. ಬಿಲ್ಲಿಲ್ಲದ ಬಾಕ್ಸು ಕದ್ದ ಗಾಡಿಯದ್ದೂ ಇರಬಹುದು.

ಓಡಿಸುವವರಿಗೆ ಹೇಳಬೇಕಾದ್ದು

ಬಾಕ್ಸ್ ಉಳಿಯುವುದು ಹಾಳಾಗುವುದು ಡ್ರೈವರ್ ಕೈಯಲ್ಲಿದೆ. ಆರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದರೂ ಆರ್‌ಪಿಎಂ ಇಳಿಯುತ್ತಿದ್ದರೆ ತಕ್ಷಣ ಡೈರೆಕ್ಟಿಗೆ ಬರಬೇಕು. ಹೊಗೆ ಕಪ್ಪಾಗುವವರೆಗೆ ಕಾದರೆ ಪಿಸ್ಟನ್ನು, ಓವರ್‌ಡ್ರೈವಿನ ಹಲ್ಲು ಎರಡಕ್ಕೂ ಏಟು. ಘಟ್ಟ ಇಳಿಯುವಾಗ ಓವರ್‌ಡ್ರೈವ್ ಕೂಡದು, ಎಂಜಿನ್ ಬ್ರೇಕಿನ ಹಿಡಿತ ಅದರಲ್ಲಿ ಎಲ್ಲಕ್ಕಿಂತ ಕಡಿಮೆ. ಅನಮೋಡ, ಚೋರ್ಲಾ, ಅಂಬೋಲಿ ಯಾವುದೇ ಇರಲಿ, ಏರಲು ಬಳಸುವ ಗೇರಿನಲ್ಲೇ ಇಳಿಯಬೇಕು. ಗೇರಿನ ಜಾಗ ಬದಲಾಗಿರುತ್ತದೆ. ಹಳೆಯ ಅಭ್ಯಾಸದಲ್ಲಿ ಐದು ಎಂದು ಹಾಕಿದ್ದು ರಿವರ್ಸಿನ ಓಣಿಗೆ ಹೋಗದಂತೆ ಲಿವರಿನ ತಲೆಯ ಮೇಲೆ ಹೊಸ ನಕ್ಷೆ ಅಂಟಿಸಿ, ಖಾಲಿ ಮೈದಾನದಲ್ಲಿ ಒಂದು ದಿನ ಓಡಿಸಲಿ.

ಮೊದಲ 100 ಕಿ.ಮೀ. ಆದ ಮೇಲೆ ಬೆಲ್ ಹೌಸಿಂಗ್, ಮೌಂಟಿಂಗ್, ಫ್ಲ್ಯಾಂಜ್ ಬೋಲ್ಟುಗಳನ್ನು ಮತ್ತೆ ಬಿಗಿದು ನೋಡಿ. ಗಾಡಿ ನಿಲ್ಲಿಸಿದ ಕೂಡಲೇ ಬಾಕ್ಸಿನ ಮೈಗೂ ಹೌಸಿಂಗಿಗೂ ಕೈ ಹತ್ತಿರ ಹಿಡಿದು ಬಿಸಿ ಹೋಲಿಸಿ. ಬಾಕ್ಸ್ ಒಂದೇ ಕಾದಿದ್ದರೆ ಎಣ್ಣೆ ಲೆವೆಲ್ ತಪ್ಪಿದೆ ಇಲ್ಲವೇ ಬೇರಿಂಗ್ ಬಿಗಿ ಕೂತಿದೆ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಬರುವ ನಡುಕ ಶಾಫ್ಟಿನದು, ಗೇರು ಬದಲಿಸಿದರೆ ಬದಲಾಗುವ ಸದ್ದು ಬಾಕ್ಸಿನದು, ಕ್ಲಚ್ ಒತ್ತಿದ ಕೂಡಲೇ ಹುಟ್ಟುವ ಸದ್ದು ರಿಲೀಸ್ ಬೇರಿಂಗಿನದು. 1,000 ಕಿ.ಮೀ.ಗೆ ಮೊದಲ ಎಣ್ಣೆ ಇಳಿಸಿ, ಮತ್ತೆ ಬಿಳಿ ತಟ್ಟೆ ಹಿಡಿಯಿರಿ.

ಮೈಲೇಜ್ ನೋಡುವುದು ಅದರ ನಂತರವೇ. ಅದೇ ರಸ್ತೆ, ಅದೇ ಲೋಡು, ಅದೇ ಡ್ರೈವರ್, ಟ್ಯಾಂಕ್ ಬಾಯಿವರೆಗೆ ತುಂಬಿಸಿ ಮತ್ತೆ ಬಾಯಿವರೆಗೆ. ಕನಿಷ್ಠ ಮೂರು ಓಟ. ಹೋಗುವ ಲೋಡಿನ ಓಟವನ್ನೂ ಬರುವ ಖಾಲಿ ಓಟವನ್ನೂ ಬೇರೆ ಬೇರೆ ಬರೆಯಿರಿ, ಕೆಲಸಕ್ಕೆ ಮೊದಲು ಬರೆದಿಟ್ಟ ಮೂರು ಓಟದ ಪಕ್ಕದಲ್ಲೇ.